ಗಾಡಿ ಯಾವುದು ತಗೊಳ್ಳೋಣ ಸ್ವಾಮಿ?

ಡೂಂ ಲೈಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾದು ನಿಂತಾಗ ಒಂದು ಲೆಕ್ಕ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ನಿಮ್ಮ ಬಸ್ಸು ಬಂದರೆ ಒಂದು ಬರುತ್ತದೆ. ಅದೇ ಹತ್ತು ನಿಮಿಷದಲ್ಲಿ ಹೋಗುವ ಬಿಳೀ ಪಿಕಪ್ಪುಗಳನ್ನು ಎಣಿಸಹೊರಟರೆ ಕೈಬೆರಳು ಸಾಲದೆ ಕಾಲ್ಬೆರಳು ಮಡಿಸಬೇಕಾಗುತ್ತದೆ. ಟೊಮ್ಯಾಟೊ ತುಂಬಿದ್ದು, ಸಿಮೆಂಟು ತುಂಬಿದ್ದು, ಹುಲ್ಲು ತುಂಬಿದ್ದು, ಮದುವೆ ದಿಬ್ಬಣ ತುಂಬಿದ್ದು. ಕೋಲಾರದ ಹೊಟ್ಟೆ ಹೊರೆಯುವುದೇ ಈ ಗಾಡಿಗಳು ಎಂದರೆ ತಪ್ಪಿಲ್ಲ.

ಇಂಥ ಒಂದು ಗಾಡಿ ಕೊಳ್ಳಬೇಕೆಂದು ನಮ್ಮ ಪರಿಚಯದ ಯಜಮಾನರೊಬ್ಬರು ಎರಡು ತಿಂಗಳಿಂದ ನಿದ್ದೆ ಕೆಡಿಸಿಕೊಂಡಿದ್ದಾರೆ. ಊರಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಮುಳಬಾಗಿಲು ಕಡೆ ಮೂರೆಕರೆ ಟೊಮ್ಯಾಟೊ. ಇಷ್ಟು ವರ್ಷ ಬಾಡಿಗೆ ಗಾಡಿಯಲ್ಲೇ ವ್ಯವಹಾರ ಸಾಗಿತ್ತು. ಹೋದ ಸುಗ್ಗಿಯಲ್ಲಿ ಒಂದು ದಿನ ಬರ್ತೀನಿ ಅಂದ ಗಾಡಿ ಬರಲೇ ಇಲ್ಲ. ಕೊಯ್ದ ಹಣ್ಣು ರಾತ್ರಿಯೆಲ್ಲಾ ತೋಟದ ಬದುವಿನಲ್ಲಿ ಕೂತಿತು, ಮಾರನೇ ದಿನ ರೇಟು ಬಿತ್ತು. ಅವತ್ತೇ ಯಜಮಾನರು "ಇನ್ನು ಸ್ವಂತ ಗಾಡಿಯೇ ಸೈ" ಎಂದು ಹಟ ತೊಟ್ಟರು.

ಸರಿ, ಯಾವ ಗಾಡಿ? ಮಹಾಭಾರತ ಅಲ್ಲಿಂದ ಶುರು.

ಮಗನಿಗೆ ಎರಡು ಟನ್ನಿನದೇ ಆಗಬೇಕು. ಬಾಮೈದನಿಗೆ ಹೊಸೂರಿನಲ್ಲಿ ತಯಾರಾಗುವುದೇ ಆಗಬೇಕು. ಮಾಲೂರು ದಾಟಿದರೆ ಕಾರ್ಖಾನೆ, ಸ್ಪೇರ್ ಪಾರ್ಟಿಗೆ ಪರದಾಟವಿಲ್ಲ ಎಂಬುದು ಅವನ ವಾದ. (ಕಾರ್ಖಾನೆಯವರು ಗೇಟಿನಲ್ಲಿ ನಿಂತು ಸ್ಪೇರ್ ಪಾರ್ಟು ಹಂಚುತ್ತಾರೆಂದು ಅವನಿಗೆ ಹೇಳಿದ ಪುಣ್ಯಾತ್ಮ ಯಾರೋ!) ಹಳೇ ಡ್ರೈವರಿಗೆ ತಾನು ಹಿಂದೆ ಓಡಿಸಿದ 207 ಗಾಡಿಯ ಮುಂದೆ ಇವೆಲ್ಲಾ ಆಟದ ಸಾಮಾನು. ಮನೆಯಾಕೆ ಮಾತ್ರ ಒಂದೇ ಮಾತು ಕೇಳಿದರಂತೆ: "ತಿಂಗಳ ಕಂತು ಎಷ್ಟು?" ಅದಕ್ಕೆ ಗಂಡಸರು ಯಾರೂ ಉತ್ತರ ಕೊಡಲಿಲ್ಲ.

ಕಾಗದದ ಮೇಲಿನ ಕುಸ್ತಿ

ಹಿಂದೆ ಈ ತಲೆನೋವೇ ಇರಲಿಲ್ಲ ಬಿಡಿ. ಎತ್ತಿನ ಗಾಡಿ ಬಿಟ್ಟರೆ ಮೆಟಡಾರು, ಮೆಟಡಾರು ಬಿಟ್ಟರೆ ಲಾರಿ. 1986ರಲ್ಲಿ ಟಾಟಾ 407 ಬಂತು. 2005ರಲ್ಲಿ ಟಾಟಾ ಏಸ್ ಬಂದು ಅಂಗಡಿ ಬೀದಿಗಳಿಗೆ ನುಗ್ಗಿತು. 2011ರಲ್ಲಿ ಅಶೋಕ್ ಲೇಲ್ಯಾಂಡಿನವರ ದೋಸ್ತ್ ಬಂತು. ಈಗ ಕೇಳುವುದೇ ಬೇಡ, ತಲೆಗೊಂದು ಗಾಡಿ, ಗಾಡಿಗೆ ನಾಲ್ಕು ಮಾಡೆಲ್ಲು.

ಯಜಮಾನರ ಗಲ್ಲಾಪೆಟ್ಟಿಗೆ ಮೇಲೆ ಹರಡಿದ್ದ ಬಣ್ಣದ ಕಾಗದಗಳನ್ನು ನಾವೂ ಕೂತು ಓದಿದೆವು. 2023ರಲ್ಲಿ ಬಂದ ಮಹೀಂದ್ರಾದವರ ಬೊಲೆರೊ ಮ್ಯಾಕ್ಸ್ ಎಚ್.ಡಿ. ಗಾಡಿಯಲ್ಲಿ ಎರಡೂವರೆ ಲೀಟರ್ ಇಂಜಿನ್ನು, 80 ಎಚ್.ಪಿ.; ಹೆಚ್ಚೆಂದರೆ 2 ಟನ್ ಭಾರ. 2022ರಲ್ಲಿ ಬಂದ ಟಾಟಾ ಯೋಧ 2.0 ಕೂಡ ಎರಡು ಟನ್ನಿನದೇ, ಇಂಜಿನ್ನು 2.2 ಲೀಟರ್, 100 ಎಚ್.ಪಿ. ಅದೇ ವರ್ಷ ಬಂದ ಟಾಟಾ ಇಂಟ್ರಾ ವಿ50 ಒಂದೂವರೆ ಟನ್ನಿನದು. ಬಾಮೈದನ ಕಡೆಯದು 2020ರಲ್ಲಿ ಬಂದ ಬಡಾ ದೋಸ್ತ್ ಐ4. ಒಂದೂವರೆ ಲೀಟರಿನ ಮೂರು ಸಿಲಿಂಡರ್ ಇಂಜಿನ್ನು, 80 ಎಚ್.ಪಿ., 1860 ಕೆ.ಜಿ. ಭಾರ.

ಎಚ್.ಪಿ. ಹೆಚ್ಚಿದ್ದರೆ ಗಾಡಿ ಗಟ್ಟಿ ಅಂತ ಹುಡುಗರ ಲೆಕ್ಕ. ಅದು ವೇಗದ ಮಾತು. ತೋಟದ ಕೆಸರಿನಿಂದ ತುಂಬಿದ ಗಾಡಿಯನ್ನು ರಸ್ತೆಗೆ ಹತ್ತಿಸುವಾಗ ಬೇಕಾದದ್ದು ಚಕ್ರ ತಿರುಗಿಸುವ ಬಲ, ಅದಕ್ಕೆ ಟಾರ್ಕ್ ಅಂತಾರೆ. ಅದರಲ್ಲಿ ಯೋಧ 250, ಬೊಲೆರೊ ಮತ್ತು ಇಂಟ್ರಾ 220, ಬಡಾ ದೋಸ್ತ್ 190. ಹಾಗಾದರೆ ಯೋಧನೇ ಗೆದ್ದನಲ್ಲಾ ಅಂತೀರಾ? ತಡೀರಿ. ಮುಳಬಾಗಿಲಿನಿಂದ ಕೋಲಾರದ ಎ.ಪಿ.ಎಂ.ಸಿ.ಗೆ ಮೂವತ್ತು ಕಿಲೋಮೀಟರಿನ ಹೈವೇಯಲ್ಲಿ ಘಟ್ಟ ಎಲ್ಲಿದೆ? ಸಕಲೇಶಪುರದವರ ಪ್ರಶ್ನೆಗೆ ಕೋಲಾರದವರು ಯಾಕೆ ಉತ್ತರ ಹುಡುಕಬೇಕು?

ಟನ್ ಬಿಡಿ, ಬಾಕ್ಸ್ ಹೇಳಿ

ಮಾರ್ಕೆಟ್ಟಿನಲ್ಲಿ ಯಾರೂ ಟನ್ ಲೆಕ್ಕದಲ್ಲಿ ಮಾತಾಡುವುದಿಲ್ಲ. ಬಾಕ್ಸ್ ಲೆಕ್ಕ. ಒಂದು ಬಾಕ್ಸಿಗೆ 15 ಕೆ.ಜಿ. ಹಣ್ಣು, ಖಾಲಿ ಕ್ರೇಟಿನ ತೂಕ ಎರಡು ಕೆ.ಜಿ. ಸೇರಿಸಿ 17 ಎಂದು ಹಿಡಿಯಿರಿ. ಆಗ ಒಂದೂವರೆ ಟನ್ನಿನ ಗಾಡಿಗೆ 88 ಬಾಕ್ಸು, 1.7 ಟನ್ನಿನದಕ್ಕೆ ಸರಿಯಾಗಿ 100, ಬಡಾ ದೋಸ್ತ್‌ಗೆ 109, ಎರಡು ಟನ್ನಿನವಕ್ಕೆ 117. ಇದು ಕಂಪನಿ ಬಿಟ್ಟಾಗಿನ ಲೆಕ್ಕ. ಗಾಡಿ ಮನೆಗೆ ಬಂದ ವಾರದಲ್ಲೇ ವೆಲ್ಡಿಂಗ್ ಅಂಗಡಿಗೆ ಒಯ್ದು ಆಳೆತ್ತರದ ಕಬ್ಬಿಣದ ಕಟಕಟೆ ಕಟ್ಟಿಸುತ್ತೀರಲ್ಲಾ, ಅದು ನೂರು ಕೆ.ಜಿ. ತೂಗಿದರೆ ಆರು ಬಾಕ್ಸು ಅಲ್ಲೇ ಖರ್ಚು.

ಈ ಲೆಕ್ಕ ಹಿಡಕೊಂಡು ಯಾರ್ಡಿನಲ್ಲಿ ನಿಂತ ಡ್ರೈವರುಗಳನ್ನು ಮಾತಾಡಿಸಿದೆವು. ನಕ್ಕುಬಿಟ್ಟರು. "ನೂರು ಬಾಕ್ಸಾ? ಏನ್ ಸಾರ್ ತಮಾಷೆ, ನೂರರವತ್ತು ಹಾಕ್ಕೊಂಡು ಬಂದಿವ್ನಿ ನೋಡಿ" ಎಂದ ಒಬ್ಬ. ನೂರರವತ್ತು ಎಂದರೆ 2720 ಕೆ.ಜಿ. ಅವನದು 1.7 ಟನ್ನಿನ ಗಾಡಿ. ಒಂದು ಟನ್ ಹೆಚ್ಚು! ಗಾಡಿ ಹೊತ್ತಿತಲ್ಲಾ ಅಂದರೆ, ಹೊರುತ್ತದೆ ಸ್ವಾಮಿ, ಹೊರುವುದೇನು ದೊಡ್ಡದಲ್ಲ. ನಿಲ್ಲಬೇಕಲ್ಲ! ಮುಂದಿನ ಬಸ್ಸು ನಿಲ್ದಾಣದಲ್ಲಿ ಥಟ್ಟನೆ ನಿಂತಾಗ ಆ ಹೆಚ್ಚುವರಿ ಒಂದು ಟನ್ನು ಬ್ರೇಕಿನ ಮಾತು ಕೇಳುವುದಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವ ಓದುಗರು ಇದನ್ನು ಗಮನಿಸಬೇಕು.

ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಕಾಯಿದೆಯ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ನಡುರಸ್ತೆಯಲ್ಲಿ ಟೊಮ್ಯಾಟೊ ಇಳಿಸಿ ಇನ್ನೊಂದು ಗಾಡಿ ಕರೆಸುವ ಹೊತ್ತಿಗೆ ಹರಾಜು ಮುಗಿದಿರುತ್ತದೆ.

ಇನ್ನೊಂದು ಗೆರೆ ಗೊತ್ತಿರಲಿ. ಗಾಡಿಯ ತೂಕ, ಮಾಲಿನ ತೂಕ ಎರಡೂ ಸೇರಿ 3000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ಟೇ ಬೇಡ. ಎರಡು ಟನ್ನಿನವು ಈ ಗೆರೆ ದಾಟುತ್ತವೆ, ಅವಕ್ಕೆ ಪರ್ಮಿಟ್ ಬೇಕು. ಬರೀ ಅಂಗಡಿ ಸಾಮಾನು ಹೊರುವವರು ದೊಡ್ಡದಕ್ಕೆ ಕೈ ಹಾಕುವ ಮುಂಚೆ ಆರ್.ಸಿ. ಪುಸ್ತಕದಲ್ಲಿ ಒಟ್ಟು ತೂಕ ಎಷ್ಟು ಬರುತ್ತದೆ ಎಂದು ಶೋರೂಮಿನವರ ಬಾಯಲ್ಲೇ ಕೇಳಿಸಬೇಕು. ಲೈಸೆನ್ಸಿನ ಚಿಂತೆ ಮಾತ್ರ ತೀರಿದೆ: ಒಟ್ಟು ತೂಕ 7500 ಕೆ.ಜಿ. ಒಳಗಿನ ಸರಕು ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು, 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು.

ಮೈಲೇಜಿನ ಮೋಹ

"ಎಷ್ಟು ಕೊಡುತ್ತೆ?" ಇದು ನಮ್ಮವರ ಮೊದಲ ಪ್ರಶ್ನೆ. ಲೆಕ್ಕ ಹಾಕೋಣ. ದಿನಕ್ಕೆ ಅರವತ್ತು ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 12 ಕೊಟ್ಟರೆ ಐದು ಲೀಟರ್ ಬೇಕು. 14 ಕೊಡುವುದಕ್ಕೆ ನಾಲ್ಕೂಕಾಲು ಲೀಟರಿನ ಮೇಲೆ ಚೂರು. ಡೀಸೆಲ್ಲಿಗೆ 90 ರೂಪಾಯಿ ಎಂದು ಹಿಡಿದರೆ ದಿನಕ್ಕೆ ಉಳಿದದ್ದು 64 ರೂಪಾಯಿ, ತಿಂಗಳಲ್ಲಿ ಇಪ್ಪತ್ತೈದು ದಿನ ಓಡಿದರೆ 1,600. ಬೇಡವೆನ್ನುವ ದುಡ್ಡಲ್ಲ. ಆದರೆ ಸುಗ್ಗಿಯಲ್ಲಿ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ಮಲಗಿದರೆ ಆ ಉಳಿತಾಯವೂ ಅದರ ಜತೆಗೇ ಮಲಗುತ್ತದೆ.

ಗ್ಯಾರೇಜು ಎಂದಾಗ ಹಳೇ ಮೇಸ್ತ್ರಿಗಳು ನೆನಪಾದರು. ಸ್ಪ್ಯಾನರ್ರು, ಹಳೇ ಬನಿಯನ್ ಚೂರು ಇದ್ದರೆ ಇಂಜಿನ್ನನ್ನೇ ಬಿಚ್ಚಿ ಜೋಡಿಸುತ್ತಿದ್ದವರು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಬಂದ ಮೇಲೆ ಆಟ ಬದಲಾಯಿತು. ಡೀಸೆಲ್ಲಿನ ಗಂಧಕವನ್ನು ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಇಳಿಸಿದರು. ಹೊಗೆ ಕೊಳವೆಯೊಳಗೆ ಮಸಿ ಹಿಡಿಯುವ ಜರಡಿ ಕೂತಿತು. ಆ ಜರಡಿಯಲ್ಲಿ ತುಂಬಿದ ಮಸಿಯನ್ನು ಗಾಡಿಯೇ ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಹೊಗೆ ಚೆನ್ನಾಗಿ ಕಾಯಬೇಕು, ಕಾಯಲು ಗಾಡಿ ಒಂದಷ್ಟು ದೂರ ನಿಲ್ಲದೆ ಓಡಬೇಕು. ದಿನವಿಡೀ ಅಂಗಡಿಯಿಂದ ಗೋಡೌನಿಗೆ, ಗೋಡೌನಿನಿಂದ ಅಂಗಡಿಗೆ ಎಂದು ಎರಡೆರಡು ಕಿಲೋಮೀಟರ್ ಓಡಾಡುವ ಗಾಡಿಯಲ್ಲಿ ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನ ದೀಪ ಹತ್ತುತ್ತದೆ. ಆಗ ಸ್ಪ್ಯಾನರ್ ನಡೆಯುವುದಿಲ್ಲ, ಕಂಪ್ಯೂಟರು ಹಚ್ಚಿ ನೋಡಬೇಕು. ಆದ್ದರಿಂದ ನಾವು ಯಜಮಾನರಿಗೆ ಹೇಳಿದ್ದು ಇಷ್ಟೇ: ಟಾರ್ಕ್ ಆಮೇಲೆ ನೋಡಿ, ಆ ಕಂಪ್ಯೂಟರು ಇರುವ ಸರ್ವಿಸ್ ಸ್ಟೇಷನ್ನು ನಿಮ್ಮ ತೋಟದಿಂದ ಎಷ್ಟು ದೂರ ಅಂತ ಮೊದಲು ನೋಡಿ. ಭಾನುವಾರ ಬಾಗಿಲು ತೆಗೆದಿರುತ್ತದೋ ಎಂದೂ ಕೇಳಿ. ಟೊಮ್ಯಾಟೊಗೆ ಭಾನುವಾರ ಗೊತ್ತಿಲ್ಲ.

ಹಿಂದೆ ನಿಂತವರು

ಕಂತಿನ ಮಾತಿಗೆ ಬರೋಣ, ಮನೆಯಾಕೆ ಕೇಳಿದ್ದು. ಒಂಬತ್ತು ಲಕ್ಷ ಸಾಲ, ಬಡ್ಡಿ ನೂರಕ್ಕೆ ಹನ್ನೊಂದು, ಐದು ವರ್ಷ ಎಂದು ಹಿಡಿದರೆ ತಿಂಗಳಿಗೆ ಹತ್ತೊಂಬತ್ತೂವರೆ ಸಾವಿರ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ, ಅಷ್ಟು ಹಗುರ. ನೋಂದಣಿ ಇರುವ ಅಂಗಡಿಯವರು ವ್ಯಾಪಾರಕ್ಕೆಂದು ಸರಕು ಗಾಡಿ ಕೊಂಡರೆ ಕಟ್ಟಿದ ಜಿ.ಎಸ್.ಟಿ.ಯನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳಲೂ ಬಹುದು. ಕಾಂಪೊಸಿಷನ್ನಿನಲ್ಲಿ ಇರುವವರಿಗೆ ಆ ಭಾಗ್ಯವಿಲ್ಲ. ಏನೇ ಮಾಡಿದರೂ ಕಂತು ಕಂತೇ. ಟೊಮ್ಯಾಟೊ ಬಾಕ್ಸು 2023ರ ಜುಲೈನಲ್ಲಿ ಎರಡು ಸಾವಿರ ದಾಟಿತ್ತು; ಚಿತ್ರದುರ್ಗ ಜಿಲ್ಲೆಯಿಂದ ಕೋಲಾರಕ್ಕೆ ಬರುತ್ತಿದ್ದ ಹಣ್ಣನ್ನು ಗಾಡಿ ಸಮೇತ ಬೆಂಗಳೂರಿನಲ್ಲಿ ಹೊಡಕೊಂಡು ಹೋಗಿದ್ದರು, ನೆನಪಿದೆಯಲ್ಲಾ? ಅದೇ ಹಣ್ಣನ್ನು ರಸ್ತೆ ಬದಿ ಸುರಿದು ಹೋದ ವರ್ಷಗಳನ್ನೂ ಇದೇ ಊರು ನೋಡಿದೆ. ಸುರಿದ ತಿಂಗಳಲ್ಲಿ ಬ್ಯಾಂಕಿನವರು ಕಂತು ಬಿಡುವುದಿಲ್ಲ.

ಆಗಲೇ ಮಗ ಒಂದು ಉಪಾಯ ಹೇಳಿದ. ಬೆಳಗಿನ ಜಾವ ಗಾಡಿ ಖಾಲಿ ಇರುತ್ತದಲ್ಲಾ, ಆ ಹೊತ್ತಿನಲ್ಲಿ ಹಳ್ಳಿ ಹೆಂಗಸರನ್ನು ಬೇರೆಯವರ ತೋಟಗಳಿಗೆ ಕೂಲಿಗೆ ಬಿಟ್ಟುಬಂದರೆ ತಲೆಗೆ ಇಷ್ಟು ಅಂತ ಸಿಗುತ್ತದೆ. "ಎಲ್ಲಾರೂ ಮಾಡ್ತಾವ್ರೆ ಅಪ್ಪಾ."

ಎಲ್ಲರೂ ಮಾಡುತ್ತಿರುವುದು ನಿಜ. ಬೆಳಿಗ್ಗೆ ಆರಕ್ಕೆ ಹೊರಡುವ ಬಸ್ಸಿನ ಕಿಟಕಿಯಿಂದ ನಾವೂ ನೀವೂ ದಿನಾ ನೋಡುತ್ತೇವೆ. ಕಟಕಟೆ ಹಿಡಿದು ನಿಂತ ಇಪ್ಪತ್ತು ಜನ, ತಲೆಗೆ ಟವಲು, ಕೈಯಲ್ಲಿ ಊಟದ ಡಬ್ಬಿ. ಬಸ್ಸು ಆ ಹೊತ್ತಿಗೆ ಆ ಹಳ್ಳಿಗೆ ಹೋಗುವುದಿಲ್ಲ. ಅವರಾದರೂ ಏನು ಮಾಡಿಯಾರು? ಆದರೆ ಆ ಗಾಡಿ ಮಗುಚಿದರೆ? ಸರಕು ಗಾಡಿಯಲ್ಲಿ ಮಾಲಿನ ಮಾಲೀಕನೋ ಅವನ ಪರವಾಗಿ ಬಂದವನೋ ಇದ್ದರೆ ಅದು ಬೇರೆ ಮಾತು. ಸುಮ್ಮನೆ ಹತ್ತಿಸಿಕೊಂಡ ಜನಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪು ಕೊಟ್ಟಿದೆ. ಹೊಣೆ ಯಾರದು ಹಾಗಾದರೆ? ಆರ್.ಸಿ.ಯಲ್ಲಿ ಹೆಸರಿರುವವರದು. ಅಂಗಡಿ, ಮೂರೆಕರೆ, ಮನೆ, ಎಲ್ಲಾ ಅದರ ಹಿಂದೆ ಹೊರಡುತ್ತದೆ. ಹೋದ ಜೀವದ ಮಾತು ಬೇರೆ.

ಇದನ್ನು ಕೇಳಿ ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗಲ್ಲಾಪೆಟ್ಟಿಗೆ ಕೆಳಗಿನಿಂದ ಹೋದ ವರ್ಷದ ಬಾಡಿಗೆ ಪುಸ್ತಕ ತೆಗೆದರು. ಯಾವ ದಿನ ಎಷ್ಟು ಬಾಕ್ಸು, ಯಾರ ಗಾಡಿ, ಎಷ್ಟು ಕೊಟ್ಟಿದ್ದು, ಎಲ್ಲಾ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ ಪುಣ್ಯಾತ್ಮರು. ಕನ್ನಡಕ ಹಾಕಿಕೊಂಡು ಪುಟ ಪುಟ ಎಣಿಸಿದರು. ನೂರು ಬಾಕ್ಸ್ ದಾಟಿದ ದಿನ ಇಡೀ ವರ್ಷಕ್ಕೆ ಮೂವತ್ತೂ ಇಲ್ಲ. ಮಿಕ್ಕ ದಿನವೆಲ್ಲಾ ಅರವತ್ತು, ಎಪ್ಪತ್ತು, ಹೆಚ್ಚೆಂದರೆ ತೊಂಬತ್ತು.

"ಮೂವತ್ತು ದಿನಕ್ಕೋಸ್ಕರ ಮುನ್ನೂರು ದಿನ ದೊಡ್ಡ ಗಾಡಿ ಸಾಕಬೇಕಾ?" ಎಂದರು. "ಆ ಮೂವತ್ತು ದಿನ ಇನ್ನೊಂದು ಬಾಡಿಗೆ ಗಾಡಿ ಹೇಳಿದರಾಯ್ತು."

"ಅವನು ಬರದೇ ಹೋದರೆ?" ಮಗ ಕೇಳಿದ. ಅದಕ್ಕೆ ಉತ್ತರವಿರಲಿಲ್ಲ. ಬರದೇ ಹೋದದ್ದಕ್ಕೇ ಅಲ್ಲವೇ ಈ ರಾಮಾಯಣ ಶುರುವಾದದ್ದು!

ಕೊನೆಗೆ 1.7 ಟನ್ನಿನದು ಎಂದು ತೀರ್ಮಾನವಾಯಿತು. ಯಾವ ಕಂಪನಿಯದು ಎಂದು ಬರೆದರೆ ಉಳಿದ ಕಂಪನಿಗಳು ನಮ್ಮ ಪತ್ರಿಕೆಗೆ ಜಾಹೀರಾತು ಕೊಡುವುದಿಲ್ಲ, ಆದ್ದರಿಂದ ಬಿಟ್ಟಿದ್ದೇವೆ. ಮುಂಗಡ ಕಟ್ಟಿದ್ದಾರೆ. ಬರುವ ವಾರ ಗಾಡಿ ಬರುತ್ತದೆ. ಕಟಕಟೆ ಎಷ್ಟು ಎತ್ತರ ಕಟ್ಟಿಸಬೇಕು ಎಂಬ ಬಗ್ಗೆ ಮಾತ್ರ ಅಪ್ಪ ಮಗನಿಗೆ ಇನ್ನೂ ಇತ್ಯರ್ಥವಾಗಿಲ್ಲ. ಅಪ್ಪ ಸೊಂಟಕ್ಕೆ ಸಾಕು ಅನ್ನುತ್ತಾರೆ. ಅದಕ್ಕಿಂತ ಎತ್ತರ ಇದ್ದರೆ ಜನ ಹಿಡಕೊಂಡು ನಿಲ್ಲುತ್ತಾರೆ ಎಂಬುದು ಅವರ ಲೆಕ್ಕ. ಮಗ ವೆಲ್ಡಿಂಗ್ ಅಂಗಡಿಯಲ್ಲಿ ತಲೆಯೆತ್ತರಕ್ಕೆ ಅಳತೆ ಕೊಟ್ಟು ಬಂದಿದ್ದಾನಂತೆ.