ಗ್ಲಾಸಿನಲ್ಲಿ ಹದ ನೋಡುವ ವಿದ್ಯೆ

ಕಂಪ್ಲಿ ಸೀಮೆಯ ಆಲೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂತೇ ಎಂದು ತಿಳಿಯಲು ಯಾರೂ ಗಡಿಯಾರ ನೋಡುವುದಿಲ್ಲ. ಕೊಪ್ಪರಿಗೆಯಿಂದ ಚೂರು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಸಿಂಗಲ್ ಮಾಲ್ಟ್ ವಿಸ್ಕಿಯ ಗುಣ ಅಳೆಯುವ ವಿದ್ಯೆಯೂ ಇಂಥದ್ದೇ. ಇಲ್ಲಿ ಬೆರಳಿನ ಕೆಲಸವನ್ನು ಮೂಗು ಮಾಡುತ್ತದೆ.

ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದಲೇ ಇಳಿಸಿದ್ದು ಸಿಂಗಲ್ ಮಾಲ್ಟ್. ಸ್ಕಾಚ್ ಎನಿಸಿಕೊಳ್ಳಲು ಅದು ಸ್ಕಾಟ್ಲೆಂಡಿನಲ್ಲಿ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಮಾಗಬೇಕು. ನಮ್ಮಲ್ಲಿ ಮಾರಾಟವಾಗುವ ಅಗ್ಗದ ವಿಸ್ಕಿಗಳ ಮೂಲ ಬಹುತೇಕ ಕಬ್ಬಿನ ಕಾಕಂಬಿ. ಸಕ್ಕರೆ ಕಾರ್ಖಾನೆಯ ಕಾಲ ಕಂಡ ಹೊಸಪೇಟೆಯವರಿಗೆ ಕಾಕಂಬಿಯ ವಾಸನೆ ಹೊಸದಲ್ಲ.

ಈ ದಾರಿ ಬಿಟ್ಟು ಬಾರ್ಲಿ ಹಿಡಿದದ್ದು ಬೆಂಗಳೂರಿನ ಅಮೃತ್. 1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಈ ಸಂಸ್ಥೆ, ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ನೇರವಾಗಿ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ಕೈಪಿಡಿಯಲ್ಲಿ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು, ಜಗತ್ತಿನ ಮೂರನೇ ಸ್ಥಾನದಲ್ಲಿ ಕೂರಿಸಿದರು.

ಇದರಲ್ಲಿ ನಮ್ಮ ಬಿಸಿಲಿನ ಪಾಲೂ ಇದೆ. ಪೀಪಾಯಿಯಿಂದ ಆವಿಯಾಗುವ ಭಾಗಕ್ಕೆ ಸ್ಕಾಟರು ‘ದೇವತೆಗಳ ಪಾಲು’ ಎನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ಶೇ 2ರ ಆಸುಪಾಸು. ಬೆಂಗಳೂರಿನಲ್ಲಿ ಶೇ 10 ದಾಟುತ್ತದೆ. 200 ಲೀಟರ್ ತುಂಬಿಟ್ಟರೆ 8 ವರ್ಷಕ್ಕೆ ಅಲ್ಲಿ 170 ಲೀಟರ್ ಉಳಿದೀತು, ಇಲ್ಲಿ 86 ಕೂಡ ಕಷ್ಟ. ಆದರೆ ಸೆಖೆಯಲ್ಲಿ ಮರದ ರಸವೂ ಬೇಗ ಇಳಿಯುತ್ತದೆ. ಅಮೃತ್‌ನ 8 ವರ್ಷದ ಮಾಲ್ಟಿಗೆ ‘ಗ್ರೀಡಿ ಏಂಜೆಲ್ಸ್’, ಅಂದರೆ ಆಸೆಬುರುಕ ದೇವತೆಗಳು, ಎಂದು ಹೆಸರಿಟ್ಟದ್ದು ಈ ಕಾರಣಕ್ಕೇ.

ಪರೀಕ್ಷೆಗೆ ಬೇಕಾದ್ದು ಬುಡ ಅಗಲ, ಬಾಯಿ ಕಿರಿದಾದ ಗ್ಲಾಸು. ಐಸ್ ಬೇಡ, ತಣ್ಣಗಾದರೆ ಪರಿಮಳ ಮುದುಡುತ್ತದೆ. ಬಣ್ಣಕ್ಕೆ ಮರುಳಾಗಬಾರದು, ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಅನುಮತಿಯಿದೆ. ಬಾಯಿ ತುಸು ತೆರೆದು ಮೆಲ್ಲಗೆ ಮೂಸಿದರೆ ಮೊದಲು ಮದ್ಯದ ಘಾಟು, ಅದರ ಹಿಂದೆ ವೆನಿಲಾ, ಒಣದ್ರಾಕ್ಷಿ, ಕೆಲವದರಲ್ಲಿ ಹೊಗೆ. ಚಿಕ್ಕ ಗುಟುಕನ್ನು ನಾಲಿಗೆಯ ಮೇಲೆಲ್ಲ ಹರಿಯಬಿಟ್ಟು ನುಂಗಬೇಕು. ಆಮೇಲೆ ಎರಡು ಹನಿ ನೀರು ಬಿಟ್ಟು ಮತ್ತೆ ಮೂಸಿದರೆ ಅಡಗಿದ್ದ ವಾಸನೆಗಳು ಮೇಲೇಳುತ್ತವೆ. ಗಂಟಲಿಳಿದ ಮೇಲೂ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಕೊನೆಯ ಪರೀಕ್ಷೆ. ಮರದ ಒಗರೊಂದೇ ಉಳಿದರೆ ಅದು ಹದ ಮೀರಿದ ಸರಕು.

ಇಷ್ಟಕ್ಕೆ ಒಂದು ಚಿಕ್ಕ ಅಳತೆ ಸಾಕು. ಹೆಚ್ಚಾದರೆ ಮೊದಲು ಮೊಂಡಾಗುವುದು ನಾಲಿಗೆಯೇ. ಲೇಬಲ್ಲಿನ ವಯಸ್ಸು ಪೀಪಾಯಿಯಲ್ಲಿ ಕಳೆದ ಕಾಲವನ್ನಷ್ಟೇ ಹೇಳುತ್ತದೆ. 18 ವರ್ಷದ್ದೆಂದು ಬೆಲೆ ತೆರುವ ಮುನ್ನ ಆಲೆಮನೆಯವರ ಪ್ರಶ್ನೆಯನ್ನೇ ಕೇಳಿ: ಹದಕ್ಕೆ ಬಂದಿದೆಯೇ?