ಕೈಮುರಿದ ಮಗು ಮತ್ತು ಶಾಲಾ ಪ್ರವಾಸ

ದಸರಾ ರಜೆ ಮುಗಿದದ್ದೇ ತಡ, ರಾಜ್ಯದ ಹೆದ್ದಾರಿಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಕಾಣಿಸಿಕೊಳ್ಳತೊಡಗುತ್ತವೆ. ಡಿಸೆಂಬರ್ ಕೊನೆಯವರೆಗೂ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಹಂಪಿ, ಬಾದಾಮಿ, ಜೋಗಗಳು ಮಕ್ಕಳ ಕಲರವದಿಂದ ತುಂಬಿರುತ್ತವೆ. 'ದೇಶ ಸುತ್ತು, ಕೋಶ ಓದು' ಎಂಬ ಹಿರಿಯರ ಮಾತಿನಲ್ಲಿ ಸುತ್ತಾಟಕ್ಕೇ ಮೊದಲ ಸ್ಥಾನ ದೊರೆತಿದೆ. ಈ ಮಹತ್ವವನ್ನು ಮನಗಂಡೇ ಸರ್ಕಾರವೂ 'ಚಿಣ್ಣರ ಕರ್ನಾಟಕ ದರ್ಶನ'ದಂತಹ ಯೋಜನೆಯನ್ನು ರೂಪಿಸಿತ್ತು. ತಂದೆತಾಯಿಯರನ್ನು ಬಿಟ್ಟು ಕಳೆಯುವ ಮೊದಲ ರಾತ್ರಿ ಎಷ್ಟೋ ಮಕ್ಕಳ ಪಾಲಿಗೆ ಶಾಲಾ ಪ್ರವಾಸದ್ದೇ ಆಗಿರುತ್ತದೆ. ಬಡ ಕುಟುಂಬಗಳ ಅನೇಕರಿಗೆ ಬಾಲ್ಯದಲ್ಲಿ ಕಡಲನ್ನು ಕಾಣುವ ಅವಕಾಶ ಅದೊಂದೇ.

ಈ ಸಂಭ್ರಮದ ನಡುವೆ ಪ್ರತಿವರ್ಷವೂ ಕೆಲವು ಮನೆಗಳಲ್ಲಿ ಒಂದು ಇಕ್ಕಟ್ಟಿನ ಪ್ರಶ್ನೆ ಏಳುತ್ತದೆ. ಏಳನೆಯ ತರಗತಿಯ ಬಾಲಕಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ದಿನಗಳ ಪ್ರವಾಸಕ್ಕೆ ಎರಡು ವಾರವಿರುವಾಗ ಆಟದ ಮೈದಾನದಲ್ಲಿ ಬಿದ್ದು ಎಡಗೈ ಮೂಳೆ ಮುರಿದುಕೊಂಡಿದ್ದಾಳೆ. ಹಣ ಕಟ್ಟಿಯಾಗಿದೆ, ಗೆಳತಿಯರು ಬಸ್ಸಿನಲ್ಲಿ ಯಾರ ಪಕ್ಕ ಯಾರೆಂದು ನಿರ್ಧರಿಸಿಯಾಗಿದೆ. ಅವಳನ್ನು ಕಳುಹಿಸಬೇಕೇ, ಬೇಡವೇ? ಅಜ್ಜಿ ಬೇಡವೆನ್ನುತ್ತಾರೆ, ಮಗು ಅಳುತ್ತದೆ, ತಂದೆ ಕಟ್ಟಿದ ಹಣದ ಲೆಕ್ಕ ಹೇಳುತ್ತಾರೆ. ಕೊನೆಗೆ ಯಾರ ದನಿ ದೊಡ್ಡದೋ ಅವರ ತೀರ್ಮಾನ ನಿಲ್ಲುತ್ತದೆ.

ಮೊದಲು ಹಣದ ವಿಚಾರ. ಅರ್ಥಶಾಸ್ತ್ರದ ಪ್ರಾಥಮಿಕ ಪಾಠಗಳಲ್ಲೊಂದೆಂದರೆ, ಹೇಗೂ ಹಿಂತಿರುಗಿ ಬಾರದ ವೆಚ್ಚ ಮುಂದಿನ ತೀರ್ಮಾನವನ್ನು ಆಳಬಾರದು ಎಂಬುದು. ಮಗು ಹೋದರೂ ಹೋಗದಿದ್ದರೂ ಆ ಹಣ ಖರ್ಚಾಗಿಯೇ ಹೋಗಿದೆ. ನಮ್ಮ ಮುಂದಿರುವುದು ಆ ನಾಲ್ಕು ದಿನಗಳ ಒಳಿತು ಕೆಡುಕುಗಳು ಮಾತ್ರ. ಇದು ಹೇಳಲು ಸುಲಭ, ಪಾಲಿಸಲು ಕಷ್ಟ. ತಿಂಗಳ ಸಂಬಳದಲ್ಲಿ ಉಳಿಸಿ ಕಟ್ಟಿದ ಮೂರು ನಾಲ್ಕು ಸಾವಿರ ರೂಪಾಯಿಯನ್ನು ಮರೆತುಬಿಡಿ ಎಂದು ಪಠ್ಯಪುಸ್ತಕ ಹೇಳಬಹುದು, ಮನೆಯ ಯಜಮಾನನಿಗೆ ಅದು ಹಿಡಿಸುವುದಿಲ್ಲ. ಆದುದರಿಂದಲೇ ವೈದ್ಯರ ಪತ್ರವಿದ್ದಲ್ಲಿ ಹಣದ ಬಹುಭಾಗವನ್ನು ಹಿಂತಿರುಗಿಸುವ ನಿಯಮವನ್ನು ಶಾಲೆಗಳು ಮೊದಲೇ ಪ್ರಕಟಿಸುವುದು ವಿವೇಕ. ಅದು ಕೇವಲ ಔದಾರ್ಯವಲ್ಲ, ತಪ್ಪು ತೀರ್ಮಾನಕ್ಕೆ ದೂಡುವ ಒಂದು ಒತ್ತಡವನ್ನು ತೆಗೆದುಹಾಕುವ ಉಪಾಯ.

ಹಣಕ್ಕಿಂತ ಗಂಭೀರವಾದ ಸಮಸ್ಯೆ ಮಾಹಿತಿಯದು. ಮಗುವಿನ ಗಾಯ ಎಂಥದ್ದೆಂಬುದು ಪೋಷಕರಿಗೆ ಗೊತ್ತು, ಆದರೆ ಪ್ರವಾಸದಲ್ಲಿ ಎಷ್ಟು ಮೆಟ್ಟಿಲು ಹತ್ತಬೇಕು, ರಾತ್ರಿ ಎಲ್ಲಿ ಮಲಗಬೇಕು ಎಂಬುದು ಅವರಿಗೆ ಗೊತ್ತಿಲ್ಲ. ಶಾಲೆಗೆ ಪ್ರವಾಸದ ವಿವರ ಗೊತ್ತು, ಗಾಯದ ವಿವರ ಗೊತ್ತಿಲ್ಲ. ವೈದ್ಯರಿಗೆ ಮೂಳೆಯ ಸ್ಥಿತಿ ಗೊತ್ತು. 'ಪ್ರವಾಸಕ್ಕೆ ಹೋಗಬಹುದೇ ಡಾಕ್ಟರೇ?' ಎಂಬ ಒಂದೇ ಸಾಲಿನ ಪ್ರಶ್ನೆಗೆ ಅವರು ಒಂದೇ ಸಾಲಿನ ಉತ್ತರ ಕೊಡುತ್ತಾರೆ. ಮೂವರ ಬಳಿಯೂ ಇರುವ ತುಣುಕುಗಳನ್ನು ಒಂದೆಡೆ ಸೇರಿಸುವ ವ್ಯವಸ್ಥೆ ನಮ್ಮ ಬಹುತೇಕ ಶಾಲೆಗಳಲ್ಲಿ ಇಲ್ಲ. ಇರುವುದು 'ನಮ್ಮ ಅಭ್ಯಂತರವಿಲ್ಲ' ಎಂಬ ಮುದ್ರಿತ ಒಪ್ಪಿಗೆ ಪತ್ರ ಮಾತ್ರ.

ಇದಕ್ಕಿಂತಲೂ ಕಳವಳಕಾರಿಯಾದುದು, ನಮ್ಮ ವ್ಯವಸ್ಥೆ ನಿಜ ಹೇಳಿದವರಿಗೇ ದಂಡ ವಿಧಿಸುವ ರೀತಿ. 'ಮಗಳ ಕೈಗೆ ಪೆಟ್ಟಾಗಿದೆ' ಎಂದು ತಾಯಿ ಮುಂದಾಗಿ ತಿಳಿಸಿದರೆ, 'ಹಾಗಾದರೆ ಕಳುಹಿಸಬೇಡಿ, ನಮಗೇಕೆ ಜವಾಬ್ದಾರಿ' ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಪ್ಲಾಸ್ಟರ್ ಹಾಕಿದ ಕೈಯನ್ನು ಮುಚ್ಚಿಡಲಾಗದು, ನಿಜ. ಆದರೆ ಹತ್ತು ದಿನಗಳ ಹಿಂದೆ ಸೈಕಲ್ಲಿನಿಂದ ಬಿದ್ದು ತಲೆಗೆ ಆದ ಪೆಟ್ಟನ್ನು, ಉಳುಕಿದ ಕಾಲನ್ನು, ಹೊಲಿಗೆ ಬಿಚ್ಚದ ಗಾಯವನ್ನು ಮುಚ್ಚಿಡಬಹುದು. ಮುಚ್ಚಿಟ್ಟವರ ಮಗು ಬಸ್ಸು ಹತ್ತುತ್ತದೆ, ಹೇಳಿದವರ ಮಗು ಮನೆಯಲ್ಲಿ ಉಳಿಯುತ್ತದೆ. ಹೀಗಾದಾಗ ಮುಂದಿನ ವರ್ಷ ಯಾರು ತಾನೇ ನಿಜ ಹೇಳುತ್ತಾರೆ? ಪರಿಣಾಮವಾಗಿ ನಲವತ್ತು ಮಕ್ಕಳ ಹೊಣೆ ಹೊತ್ತ ಶಿಕ್ಷಕರು, ಅವರಲ್ಲಿ ಯಾರಿಗೆ ಏನಾಗಿದೆ ಎಂಬುದರ ಅರಿವಿಲ್ಲದೆಯೇ ಊರು ಬಿಡಬೇಕಾಗುತ್ತದೆ. ಅಪಾಯವನ್ನು ದೂರವಿಡಲೆಂದು ತೋರಿದ ಎಚ್ಚರಿಕೆಯೇ ಅಪಾಯವನ್ನು ಕಣ್ಮರೆಯಾಗಿಸಿ ಬಸ್ಸಿನೊಳಗೆ ತಂದು ಕೂರಿಸುತ್ತದೆ.

ಗಾಯಗಳಲ್ಲೂ ತಾರತಮ್ಯವಿದೆ. ಮಕ್ಕಳ ಮೂಳೆ ದೊಡ್ಡವರದಕ್ಕಿಂತ ಬೇಗ ಕೂಡಿಕೊಳ್ಳುತ್ತದೆ. ಮುಂಗೈ ಮೂಳೆಯ ಸಾಮಾನ್ಯ ಮುರಿತಕ್ಕೆ 4ರಿಂದ 6 ವಾರಗಳ ಪ್ಲಾಸ್ಟರ್ ಸಾಕಾಗುತ್ತದೆ. ಆದರೆ ಪ್ಲಾಸ್ಟರ್ ಹಾಕಿದ ಮೊದಲ ಎರಡು ಮೂರು ದಿನಗಳು ಸೂಕ್ಷ್ಮವಾದವು. ಊತ ಹೆಚ್ಚಿ, ಬೆರಳುಗಳು ಬಿಳಿಚಿಕೊಂಡರೆ ಅಥವಾ ನೀಲಿಗಟ್ಟಿದರೆ, ಜೋಮು ಹಿಡಿದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಾ ಹೋದರೆ ಅದು ಬೆಳಗಿನವರೆಗೆ ಕಾಯುವ ವಿಷಯವಲ್ಲ. ಕೆಲವೇ ಗಂಟೆಗಳಲ್ಲಿ ಸ್ನಾಯುಗಳಿಗೆ ಶಾಶ್ವತ ಹಾನಿಯಾಗಬಹುದು. ಸ್ಥಾನಪಲ್ಲಟಗೊಂಡ ಮೂಳೆಯನ್ನು ಕೂರಿಸಿದ್ದರೆ, ಅದು ಮತ್ತೆ ಜಾರಿಲ್ಲವೆಂದು ಖಚಿತಪಡಿಸಿಕೊಳ್ಳಲು ಸಾಮಾನ್ಯವಾಗಿ ವಾರದೊಳಗೆ ಮರಳಿ ಎಕ್ಸ್‌ರೇ ತೆಗೆಯುತ್ತಾರೆ. ಆ ದಿನ ಮಗು ಊರಿನಲ್ಲೇ ಇರಬೇಕು. ಮೂರನೆಯ ವಾರದ ಹೊತ್ತಿಗೆ ನೋವಿಲ್ಲದೆ ಓಡಾಡುತ್ತಿರುವ ಮಗುವಿನ ಸಂಗತಿ ಬೇರೆಯೇ. ತಲೆಯ ಪೆಟ್ಟು ಇದಕ್ಕೆ ತದ್ವಿರುದ್ಧ. ಹೊರಗೆ ಏನೂ ಕಾಣದಿದ್ದರೂ ತಲೆನೋವು, ತಲೆಸುತ್ತು, ಬೆಳಕು ಮತ್ತು ಗದ್ದಲ ಸಹಿಸಲಾಗದ ಸ್ಥಿತಿ ವಾರಗಟ್ಟಲೆ ಉಳಿಯಬಹುದು. ಅಂಥ ಮಗುವಿಗೆ ರಾತ್ರಿಯಿಡೀ ಹಾಡು ಹಚ್ಚಿದ ಬಸ್ಸು ಹಿಂಸೆಯೇ ಸರಿ. ಚೇತರಿಕೆಗೆ ಮುನ್ನ ಮತ್ತೊಂದು ಪೆಟ್ಟು ಬಿದ್ದರೆ ಅಪಾಯವೂ ಉಂಟು. ವಿಪರ್ಯಾಸವೆಂದರೆ, ಕಣ್ಣಿಗೆ ಕಾಣುವ ಪ್ಲಾಸ್ಟರಿಗೆ ನಾವು ಹೆದರುತ್ತೇವೆ, ಕಾಣದ ಪೆಟ್ಟನ್ನು ಕಡೆಗಣಿಸುತ್ತೇವೆ.

ಆದುದರಿಂದ ಕೇಳಬೇಕಾದ ಪ್ರಶ್ನೆ 'ಗಾಯಗೊಂಡ ಮಗು ಪ್ರವಾಸಕ್ಕೆ ಹೋಗಬಹುದೇ' ಎಂಬುದಲ್ಲ. 'ಈ ಗಾಯದ ಮಗು ಈ ಪ್ರವಾಸದ ಯಾವ ಯಾವ ಗಂಟೆಯಲ್ಲಿ ಏನು ಮಾಡಬಲ್ಲದು' ಎಂಬುದು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲಿ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು. ಕಾಲು ಉಳುಕಿದವರಿಗೆ ಅದು ಸಲ್ಲದು. ಕೈಗೆ ಪ್ಲಾಸ್ಟರ್ ಇರುವವರು ಜೊತೆಗೊಬ್ಬರಿದ್ದರೆ ನಿಧಾನವಾಗಿ ಹತ್ತಿಳಿಯಬಹುದು. ವಿಜಯಪುರದ ಗೋಳಗುಮ್ಮಟದ ಕಿರಿದಾದ ಮೆಟ್ಟಿಲುಗಳು ನೂಕುನುಗ್ಗಲಿನಲ್ಲಿ ಗಾಯಾಳುವಿಗೆ ತಕ್ಕವಲ್ಲ. ಆದರೆ ಗುಮ್ಮಟದ ಕೆಳಗೆ ನಿಂತು ಆ ಅಗಾಧ ವಿಸ್ತಾರವನ್ನು ಕಾಣಲು ಯಾವ ಅಡ್ಡಿಯೂ ಇಲ್ಲ. ಜೋಗವನ್ನು ಮೇಲಿನಿಂದ ಎಲ್ಲರೂ ನೋಡಬಹುದು, ಕೆಳಗಿಳಿಯುವ ಹಾದಿ ಎಲ್ಲರಿಗಲ್ಲ. ಪ್ಲಾಸ್ಟರ್ ನೆನೆಯಬಾರದಾದ್ದರಿಂದ ಕಡಲತೀರದಲ್ಲಿ ನೀರಾಟ ಬೇಡ, ಮರಳಿನ ಮೇಲಿನ ಸಂಜೆ ಇರಲಿ. ಹೀಗೆ ದಿನದಿನದ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತರೆ, ಅಸಾಧ್ಯವೆನಿಸಿದ ಎಷ್ಟೋ ಪ್ರವಾಸಗಳು ಸಾಧ್ಯವಾಗುತ್ತವೆ. ಸರಳವೆನಿಸಿದ ಕೆಲವು ಬೇಡವೆಂದು ಮನವರಿಕೆಯಾಗುತ್ತದೆ.

ನಾವು ಸಾಮಾನ್ಯವಾಗಿ ಯೋಚಿಸದ ಇನ್ನೊಂದು ಮುಖವೂ ಇದೆ. ಒಂದೇ ಕೈಯಲ್ಲಿ ಸ್ನಾನ ಮಾಡುವುದು, ಜಡೆ ಹಾಕಿಕೊಳ್ಳುವುದು, ಗುಂಡಿ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು ಹನ್ನೆರಡು ವರ್ಷದ ಬಾಲಕಿಗೆ ಮೂಳೆ ನೋವಿಗಿಂತ ದೊಡ್ಡ ಸಂಕಟವಾಗಬಹುದು. ಯಾರನ್ನು ಕೇಳಬೇಕೆಂದು ತಿಳಿಯದೆ ನೀರು ಕುಡಿಯುವುದನ್ನೇ ಬಿಡುವ ಮಕ್ಕಳಿದ್ದಾರೆ. 'ಕಷ್ಟವಾದರೆ ಈ ಮೇಡಂ ಬಳಿ ಹೋಗು' ಎಂದು ಒಬ್ಬ ಶಿಕ್ಷಕಿಯನ್ನು ಮೊದಲೇ ತೋರಿಸಿಕೊಟ್ಟರೆ ಅರ್ಧ ಸಮಸ್ಯೆ ತೀರುತ್ತದೆ.

ಶಾಲೆಗಳ ಅಂಜಿಕೆ ಅಕಾರಣವಾದುದೇನಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸದ ವೇಳೆ ಮುರುಡೇಶ್ವರದಲ್ಲಿ ಸಮುದ್ರಪಾಲಾದ ದುರಂತ ಇನ್ನೂ ಮಾಸಿಲ್ಲ. 1995ರಲ್ಲಿ ಪಠಾಣ್‌ಕೋಟ್ ಬಳಿಯ ಶಾಲೆಯೊಂದು ವಿಹಾರಕ್ಕೆ ಕರೆದೊಯ್ದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತ ಪ್ರಕರಣದಲ್ಲಿ, ಪ್ರತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೂ ಹೊಣೆ ಎಂದಿತು. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು, ಮಗುವನ್ನು ತನ್ನ ಸುಪರ್ದಿಯಲ್ಲಿ ಇಟ್ಟುಕೊಂಡವರು ಅದನ್ನು ಬೇಕೆಂದೇ ನಿರ್ಲಕ್ಷಿಸಿ ಅನಗತ್ಯ ಯಾತನೆಗೆ ಒಡ್ಡುವುದನ್ನು ಶಿಕ್ಷಾರ್ಹ ಅಪರಾಧವೆನ್ನುತ್ತದೆ. ಒಪ್ಪಿಗೆ ಪತ್ರದ ಮೇಲೆ ಪೋಷಕರ ಸಹಿ ಇದ್ದ ಮಾತ್ರಕ್ಕೆ ಜಾಗರೂಕತೆಯ ಕರ್ತವ್ಯದಿಂದ ಯಾರೂ ಮುಕ್ತರಾಗುವುದಿಲ್ಲ. ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನಂಥವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೆಂದರೆ, ಅನಾಹುತದ ನಂತರ ತೆರೆಯುವ ಕಡತಗಳಲ್ಲಿ ಸಹಿಗಳಿಗೆ ಕೊರತೆ ಇರುವುದಿಲ್ಲ. ಮುನ್ನ ಯಾರು ಯಾರಿಗೆ ಏನು ಹೇಳಿದರು ಎಂಬುದಕ್ಕೆ ದಾಖಲೆ ಇರುವುದಿಲ್ಲ.

ಹಾಗೆಂದು ಎಲ್ಲ ಭಾರವನ್ನೂ ಶಿಕ್ಷಕರ ಮೇಲೆ ಹೊರಿಸುವುದು ನ್ಯಾಯವಲ್ಲ. ಹಗಲು ಮಕ್ಕಳನ್ನು ಎಣಿಸುತ್ತಾ, ರಾತ್ರಿ ಬಾಗಿಲು ಕಾಯುತ್ತಾ ನಾಲ್ಕು ದಿನ ನಿದ್ದೆಗೆಡುವವರು ಅವರು. ಒಬ್ಬ ಗಾಯಾಳುವಿಗಾಗಿ ಒಬ್ಬ ಶಿಕ್ಷಕಿ ಕೆಳಗೇ ಉಳಿದರೆ ಬೆಟ್ಟ ಹತ್ತುವ ಉಳಿದವರ ಮೇಲಿನ ಕಣ್ಗಾವಲು ಕಡಿಮೆಯಾಗುತ್ತದೆ. ಹೆಚ್ಚುವರಿ ಸಿಬ್ಬಂದಿಯಿಲ್ಲದೆ ತೋರುವ ಕರುಣೆಗೆ ಉಳಿದ ಮಕ್ಕಳು ಬೆಲೆ ತೆರಬೇಕಾದೀತು. ಮತ್ತೊಬ್ಬ ಶಿಕ್ಷಕರನ್ನೋ ಪೋಷಕರೊಬ್ಬರನ್ನೋ ಕರೆದೊಯ್ಯಲಾಗದಿದ್ದರೆ, 'ಈ ಬಾರಿ ಆಗದು' ಎಂದು ಕಾರಣ ಸಮೇತ ಹೇಳುವ ಹಕ್ಕು ಶಾಲೆಗೆ ಇರಲೇಬೇಕು.

ಆಗಬೇಕಾದದ್ದು ಹೆಚ್ಚೇನಿಲ್ಲ. ಪ್ರವಾಸಕ್ಕೆ ಒಂದು ವಾರ ಮೊದಲು ದಿನವಹಿ ವಿವರವುಳ್ಳ ಪುಟವೊಂದನ್ನು ಪೋಷಕರಿಗೆ ಕೊಡಲಿ. ಗಾಯವಿದ್ದವರು ಅದನ್ನು ವೈದ್ಯರಿಗೆ ತೋರಿಸಿ, ಏನು ಮಾಡಬಹುದು, ಏನು ಕೂಡದು ಎಂದು ಬರೆಸಿಕೊಂಡು ಬರಲಿ. 'ತಿಳಿಸಿದ ಮಾತ್ರಕ್ಕೆ ಮಗುವನ್ನು ಕೈಬಿಡುವುದಿಲ್ಲ, ಕೂತು ಮಾತನಾಡುತ್ತೇವೆ' ಎಂಬ ಒಂದು ಸಾಲು ಆ ಪುಟದ ಮೇಲಿರಲಿ. ಔಷಧಿ, ಎಕ್ಸ್‌ರೇ ಪ್ರತಿ, ದಾರಿಯಲ್ಲಿನ ಆಸ್ಪತ್ರೆಗಳ ಪಟ್ಟಿ ಶಿಕ್ಷಕರ ಕೈಯಲ್ಲಿರಲಿ. 108ಕ್ಕೆ ಕರೆ ಮಾಡಬಹುದು ನಿಜ, ಆದರೆ ಘಟ್ಟದ ತಿರುವುಗಳಲ್ಲಿ ಫೋನಿನ ಸಂಪರ್ಕವೂ ಆಂಬುಲೆನ್ಸೂ ಒಟ್ಟಿಗೇ ದೊರೆಯುತ್ತವೆ ಎನ್ನುವಂತಿಲ್ಲ. ನಡುವೆ ಅಗತ್ಯ ಬಿದ್ದರೆ ಮಗುವನ್ನು ಕರೆತರಲು ಯಾರು ಬರುತ್ತಾರೆಂಬುದನ್ನು ಹೊರಡುವ ಮುನ್ನವೇ ನಿರ್ಧರಿಸಲಿ. ಮತ್ತು ಈ ಮಾತುಕತೆಯಲ್ಲಿ ಮಗುವೂ ಕುಳಿತಿರಲಿ. ನೋವು ಎಷ್ಟಿದೆ, ಯಾವುದಕ್ಕೆ ಭಯ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆಸೆಯಿಂದ ನೋವನ್ನು ಮರೆಮಾಚುವ ಮಗುವೂ 'ನಿಜ ಹೇಳಿದರೂ ನಿನ್ನನ್ನು ಬಿಟ್ಟುಹೋಗುವುದಿಲ್ಲ' ಎಂಬ ಭರವಸೆ ದೊರೆತರೆ ನಿಜ ಹೇಳುತ್ತದೆ.

ಎಲ್ಲವನ್ನೂ ತೂಗಿ ನೋಡಿದ ಮೇಲೂ ಕೆಲವು ಮಕ್ಕಳು ಹಿಂದೆ ಉಳಿಯಬೇಕಾಗುತ್ತದೆ. ಅವರನ್ನು ಖಾಲಿ ತರಗತಿಯಲ್ಲಿ ಕೂರಿಸಿ ಮರೆಯುವುದು ಬೇಡ. ಏಳನೆಯ ತರಗತಿಯ ಪ್ರವಾಸ ಏಳನೆಯ ತರಗತಿಯ ಗೆಳತಿಯರೊಂದಿಗೆ ಮತ್ತೊಮ್ಮೆ ಬರುವುದಿಲ್ಲವಾದರೂ, ಮುಂದಿನ ವರ್ಷದ ತಂಡದಲ್ಲಿ ಅದೇ ಹಣಕ್ಕೆ ಒಂದು ಆಸನ ಕಾಯ್ದಿರಿಸುವುದು ಯಾವ ಶಾಲೆಗೂ ಅಸಾಧ್ಯವಲ್ಲ. ಮೂಳೆ ಆರು ವಾರದಲ್ಲಿ ಕೂಡಿಕೊಳ್ಳುತ್ತದೆ. ನಿಜ ಹೇಳಿದ್ದಕ್ಕೆ ತನ್ನನ್ನು ಬಿಟ್ಟುಹೋದರು ಎಂಬ ಪಾಠವನ್ನು ಮಗು ಮರೆಯಲು ಎಷ್ಟು ಕಾಲ ಬೇಕೆಂದು ಯಾವ ವೈದ್ಯರೂ ಹೇಳಲಾರರು.