ಹವಳ ಸಾಕೋ ಗುಂಪು ಕಟ್ತೀರಾ?

ಕೋಲ್ಕತ್ತಾದ ಸದರ್ನ್ ಅವೆನ್ಯೂನಲ್ಲಿ ನಿಮ್ಮ ಮನೆ ಅಂದುಕೊಳ್ಳಿ.
ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ.
ಗಟ್ಟಿ ಹವಳ ಸಾಕೋರದೇ ಒಂದು ಗುಂಪು ಕಟ್ಟಬಹುದಾ?

ಬೇಡ ಸ್ನೇಹಿತರೇ!
ಹವಳ ಕಲ್ಲಲ್ಲ, ಗಿಡವೂ ಅಲ್ಲ.
ಅದು ಪ್ರಾಣಿ.
ಗೆದ್ದಲು ಹುತ್ತ ಕಟ್ಟೋ ಹಾಗೆ,
ಪಾಲಿಪ್ ಅನ್ನೋ ಪುಟಾಣಿ ಜೀವಿಗಳು ಸೇರಿ ಸುಣ್ಣದ ಗೂಡು ಕಟ್ಟುತ್ತವೆ.
ಅದೂ ಎಷ್ಟು ನಿಧಾನ!
ಗುಂಡು ಹವಳ ಬೆಳೆಯೋದು
ವರ್ಷಕ್ಕೆ ಸುಮಾರು 1 ಸೆಂಟಿಮೀಟರ್.

2001ರಿಂದ ಎಲ್ಲ ಗಟ್ಟಿ ಹವಳಗಳೂ
ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.
ಹುಲಿ ಇರೋದೂ ಅಲ್ಲೇ.
ಕೀಳೋದು, ಮಾರೋದು,
ಅನುಮತಿಯಿಲ್ಲದೆ ಇಟ್ಟುಕೊಳ್ಳೋದು,
ಎಲ್ಲವೂ ಅಪರಾಧ.

ಗುಂಪು ಕಟ್ಟಿ, ಆದರೆ ಹವಳ ನೋಡೋರ ಗುಂಪು.
ನಮ್ಮ ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪವಿದೆ.
ಡೈವ್ ಮಾಡಿ, ಫೋಟೊ ತೆಗೀರಿ,
ದಿನಾಂಕ ಬರೆದಿಡಿ.
ಕಡಲು ಬಿಸಿಯಾಗಿ ಹವಳ ಬಿಳಿಚಿದಾಗ
ಹೋಲಿಸಿ ನೋಡೋಕೆ ಆ ಫೋಟೊನೇ ಬೇಕು.
ಮುಟ್ಟಬೇಡಿ, ಮುರಿದು ತರಬೇಡಿ.